‘ಬರಲಿಲ್ಲ’ ಎಂಬ ರೂಪವೂ ಇಂಗ್ಲಿಷಿನ ಭೂತಕಾಲದ ಪ್ರಶ್ನೆಯೂ

ನಡೆದುಹೋದ ಸಂಗತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ಕ್ರಿಯಾಪದದ ಯಾವ ರೂಪವನ್ನು ಬಳಸಬೇಕೆಂಬುದು, ಕನ್ನಡದಲ್ಲಿ ಓದಿ ಬೆಳೆದವರನ್ನು ಶಾಲೆಯ ಬೆಂಚಿನಿಂದ ಉದ್ಯೋಗದ ಸಂದರ್ಶನದವರೆಗೂ ಕಾಡುವ ವಿಷಯವಾಗಿದೆ. ‘ನೀವು ಹೋದಿರಾ’ ಎಂಬ ಅರ್ಥದಲ್ಲಿ ‘ಡಿಡ್ ಯೂ ಗೋ’ ಎನ್ನಬೇಕಾದ ಕಡೆ ‘ಡಿಡ್ ಯೂ ವೆಂಟ್’ ಎಂದೂ, ‘ಅವನು ಬಂದನೇ’ ಎಂಬ ಅರ್ಥದಲ್ಲಿ ‘ಡಿಡ್ ಹೀ ಕಮ್’ ಎನ್ನಬೇಕಾದ ಕಡೆ ‘ಡಿಡ್ ಹೀ ಕೇಮ್’ ಎಂದೂ ಹೇಳುವುದು ವ್ಯಾಪಕವಾಗಿ ಕೇಳಿಬರುತ್ತದೆ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಶಿಕ್ಷಕರ ಬಳಿ ಕಲಿತವರು ಒಂದೇ ಬಗೆಯ ತಪ್ಪನ್ನು ಮಾಡುತ್ತಾರೆಂದರೆ ಅದನ್ನು ಅಜಾಗರೂಕತೆಯ ಫಲವೆಂದು ತಳ್ಳಿಹಾಕುವುದು ಸರಿಯಾಗದು. ಅದರ ಹಿಂದೆ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ. ಆ ಲೆಕ್ಕಾಚಾರ ಕನ್ನಡದ ಪ್ರಶ್ನಾವಾಕ್ಯದಿಂದ ಹುಟ್ಟಿದ್ದು, ಅದನ್ನು ತಿದ್ದುವ ದಾರಿಯೂ ಕನ್ನಡದ ನಿಷೇಧವಾಕ್ಯದಲ್ಲಿಯೇ ಇದೆ ಎಂಬುದು ಈ ಭಾಷಣದಲ್ಲಿ ಪ್ರತಿಪಾದಿಸಲಾಗುವ ವಿಚಾರ.

ಭೂತಕಾಲದ ಪ್ರಶ್ನೆ ಎಂಬುದು ಪರೀಕ್ಷೆಗೆ ಮಾತ್ರ ಸೀಮಿತವಾದ ವ್ಯಾಕರಣದ ತುಣುಕಲ್ಲ. ಕರ್ನಾಟಕದಲ್ಲಿ ಇಬ್ಬರು ಪರಿಚಿತರು ಎದುರಾದಾಗ ಬರುವ ಮೊದಲ ಮಾತು ಬಹುತೇಕ ಭೂತಕಾಲದ ಪ್ರಶ್ನೆಯೇ ಆಗಿರುತ್ತದೆ: ‘ಊಟ ಆಯ್ತಾ’, ‘ತಿಂಡಿ ಆಯ್ತಾ’, ‘ಕಾಫಿ ಆಯ್ತಾ’, ‘ಯಾವಾಗ ಬಂದ್ರಿ’. ತರೀಕೆರೆ ತಾಲ್ಲೂಕಿನಲ್ಲಿ ಬಾಬಾಬುಡನ್ ಶ್ರೇಣಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,430 ಮೀಟರ್ ಎತ್ತರದಲ್ಲಿರುವ ಕೆಮ್ಮಣ್ಣುಗುಂಡಿಯಂತಹ ಗಿರಿಧಾಮದಲ್ಲಿ ಇಂತಹ ಪ್ರಶ್ನೆಗಳು ದಿನವೂ ಇಂಗ್ಲಿಷಿಗೆ ದಾಟಬೇಕಾಗುತ್ತದೆ. ಹೊರರಾಜ್ಯದಿಂದ ಬಂದ ಪ್ರವಾಸಿಗನನ್ನು ಹೆಬ್ಬೆ ಜಲಪಾತಕ್ಕೆ ಕರೆದೊಯ್ಯುವ ಜೀಪಿನ ಚಾಲಕ, ಅತಿಥಿಗೃಹದ ಸಿಬ್ಬಂದಿ, ಲಿಂಗದಹಳ್ಳಿಯ ಅಂಗಡಿಯವನು ಇವರೆಲ್ಲ ‘ಯಾವಾಗ ಬಂದಿರಿ’, ‘ಝಡ್ ಪಾಯಿಂಟ್ ನೋಡಿದಿರಾ’, ‘ಕಲ್ಲತ್ತಿಗಿರಿಯಲ್ಲಿ ನಿಲ್ಲಿಸಿದಿರಾ’ ಎಂದು ಕೇಳಬೇಕಾದವರು. ಇವೆಲ್ಲವೂ ಭೂತಕಾಲದ ಪ್ರಶ್ನೆಗಳು. ಆದುದರಿಂದ ಈ ಭಾಷಣದಲ್ಲಿ ಬರುವ ಉದಾಹರಣೆಗಳನ್ನು ಸಾಧ್ಯವಾದಷ್ಟೂ ಆ ಗಿರಿಧಾಮದ ಮತ್ತು ಅದರ ಸುತ್ತಲಿನ ನಾಡಿನ ಬದುಕಿನಿಂದಲೇ ಆರಿಸಿಕೊಳ್ಳಲಾಗಿದೆ.

ಮೊದಲಿಗೆ ಇಂಗ್ಲಿಷಿನ ನಿಯಮವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡ ವ್ಯಾಕರಣದಲ್ಲಿ ‘ಧಾತು’ ಎಂದು ಕರೆಯಲಾಗುವ ಕ್ರಿಯೆಯ ಮೂಲರೂಪಕ್ಕೆ ಇಂಗ್ಲಿಷಿನಲ್ಲಿಯೂ ಸಮಾನವಾದ ಒಂದು ರೂಪವಿದೆ. ‘ಗೋ’, ‘ಕಮ್’, ‘ಸೀ’, ‘ಬ್ರಿಂಗ್’ ಎಂಬವು ಅಂತಹ ಮೂಲರೂಪಗಳು. ಸಂಗತಿ ಹಿಂದೆ ನಡೆದದ್ದೆಂದು ಹೇಳುವ ಸಾಮಾನ್ಯ ಹೇಳಿಕೆಯಲ್ಲಿ ಇವು ‘ವೆಂಟ್’, ‘ಕೇಮ್’, ‘ಸಾ’, ‘ಬ್ರಾಟ್’ ಎಂದು ಭೂತಕಾಲದ ರೂಪವನ್ನು ತಾಳುತ್ತವೆ. ಹೇಳಿಕೆಯನ್ನು ಪ್ರಶ್ನೆಯಾಗಿ ಬದಲಿಸುವಾಗ ‘ಡೂ’ ಎಂಬ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯಾಪದಕ್ಕೆ ನೆರವಾಗಿ ಬರುವ ಇನ್ನೊಂದು ಕ್ರಿಯಾಪದ, ವಾಕ್ಯದ ಮುಂದೆ ಬಂದು ನಿಲ್ಲುತ್ತದೆ. ಭೂತಕಾಲದ ಗುರುತನ್ನು ಆ ಸಹಾಯಕವೇ ಹೊತ್ತುಕೊಂಡು ‘ಡಿಡ್’ ಎಂದಾಗುತ್ತದೆ. ಗುರುತನ್ನು ಬಿಟ್ಟುಕೊಟ್ಟ ಮುಖ್ಯ ಕ್ರಿಯಾಪದ ತನ್ನ ಮೂಲರೂಪಕ್ಕೆ ಮರಳುತ್ತದೆ. ಆದ್ದರಿಂದ ‘ಯೂ ವೆಂಟ್’ ಎಂಬ ಹೇಳಿಕೆಯ ಪ್ರಶ್ನೆ ‘ಡಿಡ್ ಯೂ ಗೋ’ ಎಂದು ಆಗುತ್ತದೆ. ಒಂದು ಉಪವಾಕ್ಯದಲ್ಲಿ ಭೂತಕಾಲದ ಗುರುತು ಒಂದೇ ಕಡೆ ಬೀಳುತ್ತದೆ ಎಂಬುದೇ ಇಡೀ ನಿಯಮದ ಸಾರ. ಕನ್ನಡದಲ್ಲಿ ಬಂದೆನು, ಬಂದೆ, ಬಂದನು, ಬಂದಳು, ಬಂದಿತು, ಬಂದರು ಎಂದು ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ. ಇಂಗ್ಲಿಷಿನ ‘ಡಿಡ್’ ಯಾರನ್ನು ಕುರಿತಾದರೂ ಬದಲಾಗುವುದಿಲ್ಲವಾದ್ದರಿಂದ ಈ ಒಂದು ಅಂಶದಲ್ಲಿ ಕಲಿಯುವವನ ಕೆಲಸ ಹಗುರವೇ ಆಗಿದೆ.

ನಿಯಮ ಇಷ್ಟು ಸರಳವಾಗಿದ್ದರೂ ತಪ್ಪು ಏಕೆ ಮರುಕಳಿಸುತ್ತದೆ ಎಂಬುದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಒಂದು ಕಾರಣ ಶಾಲೆಯ ಕಂಠಪಾಠ. ‘ವಿ ಒನ್, ವಿ ಟೂ, ವಿ ತ್ರೀ’ ಎಂಬ ಹೆಸರಿನಲ್ಲಿ ‘ಗೋ–ವೆಂಟ್–ಗಾನ್’, ‘ಕಮ್–ಕೇಮ್–ಕಮ್’, ‘ಸೀ–ಸಾ–ಸೀನ್’ ಎಂದು ಮಕ್ಕಳು ಸಾಲುಸಾಲಾಗಿ ಬಾಯಿಪಾಠ ಮಾಡುತ್ತಾರೆ. ಎರಡನೆಯ ಮನೆಯಲ್ಲಿರುವುದು ಭೂತಕಾಲ ಎಂಬ ತಿಳಿವಳಿಕೆ ಅವರಲ್ಲಿ ಗಟ್ಟಿಯಾಗುತ್ತದೆ. ಅರ್ಥದಲ್ಲಿ ಭೂತಕಾಲವಿದ್ದರೆ ಎರಡನೆಯ ರೂಪವನ್ನೇ ಹಾಕಬೇಕು ಎಂಬ ತೀರ್ಮಾನಕ್ಕೆ ಮಗು ಬರುವುದು ಆ ತಿಳಿವಳಿಕೆಯ ನೇರ ಪರಿಣಾಮ. ಪಟ್ಟಿಯಲ್ಲಿ ರೂಪಗಳಿವೆಯೇ ಹೊರತು ಅವು ಯಾವ ವಾಕ್ಯದಲ್ಲಿ ಯಾವಾಗ ಬರುತ್ತವೆ ಎಂಬುದಿಲ್ಲ. ಹೀಗಾಗಿ ಪಟ್ಟಿಯನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯೇ ‘ಡಿಡ್ ಯೂ ವೆಂಟ್’ ಎಂದು ಹೆಚ್ಚು ವಿಶ್ವಾಸದಿಂದ ಹೇಳುವ ಸಂದರ್ಭ ಒದಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಆಳವಾದದ್ದು, ಅದು ಕನ್ನಡದ ಪ್ರಶ್ನಾವಾಕ್ಯದ ರಚನೆಗೆ ಸಂಬಂಧಿಸಿದ್ದು. ಕನ್ನಡದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಬಯಸುವ ಪ್ರಶ್ನೆಯನ್ನು ಮಾಡಲು ಹೇಳಿಕೆಯನ್ನು ಬಿಚ್ಚಬೇಕಾಗಿಲ್ಲ. ಪೂರ್ಣಗೊಂಡ ಕ್ರಿಯಾಪದದ ತುದಿಗೆ ಆ, ಏ ಅಥವಾ ಓ ಎಂಬ ಪ್ರಶ್ನಾರ್ಥಕ ಪ್ರತ್ಯಯವನ್ನು ಸೇರಿಸಿದರೆ ಸಾಕು. ‘ಹೋದಿರಿ’ ಎಂಬುದಕ್ಕೆ ‘ಆ’ ಸೇರಿ ‘ಹೋದಿರಾ’ ಎಂದಾಗುತ್ತದೆ, ‘ಬಂದನು’ ಎಂಬುದಕ್ಕೆ ‘ಏ’ ಸೇರಿ ‘ಬಂದನೇ’ ಎಂದಾಗುತ್ತದೆ. ಒಳಗಿರುವ ಭೂತಕಾಲದ ‘ದ’ ಎಂಬ ಕಾಲಸೂಚಕ ಪ್ರತ್ಯಯ, ಅಂದರೆ ಕ್ರಿಯೆ ನಡೆದ ಕಾಲವನ್ನು ತಿಳಿಸುವ ಪ್ರತ್ಯಯ, ಅಲ್ಲಾಡದೆ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಈ ಪದ್ಧತಿಗೆ ಒಗ್ಗಿದ ಕಿವಿಗೆ ಇಂಗ್ಲಿಷಿನ ‘ಡಿಡ್’ ಎಂಬುದು ಕನ್ನಡದ ‘ಆ’ಕಾರಕ್ಕೆ ಬದಲಿಯಾಗಿ ಬಂದ, ಆದರೆ ಕೊನೆಯಲ್ಲಿ ಬರುವ ಬದಲು ಮೊದಲಲ್ಲಿ ಬಂದ, ಬರಿಯ ಪ್ರಶ್ನೆಯ ಗುರುತಾಗಿ ಕೇಳಿಸುತ್ತದೆ. ‘ಯೂ ವೆಂಟ್’ ಎಂಬ ಪೂರ್ಣ ವಾಕ್ಯವನ್ನು ಹಾಗೆಯೇ ಇಟ್ಟು ಅದರ ಆರಂಭಕ್ಕೆ ‘ಡಿಡ್’ ಅಂಟಿಸಿದರೆ ಪ್ರಶ್ನೆ ಸಿದ್ಧವಾಯಿತೆಂದು ಕಲಿಯುವವನು ಭಾವಿಸುವುದು ಕನ್ನಡದ ಲೆಕ್ಕದಲ್ಲಿ ಸರಿಯಾದ ನಡೆಯೇ ಆಗಿದೆ.

ಈ ವಿವರಣೆ ಸರಿಯೆಂಬುದಕ್ಕೆ ಇನ್ನೊಂದು ಬಗೆಯ ತಪ್ಪು ಸಾಕ್ಷಿ ಒದಗಿಸುತ್ತದೆ. ‘ಎಲ್ಲಿ’, ‘ಯಾವಾಗ’, ‘ಏಕೆ’, ‘ಏನು’ ಮೊದಲಾದ ಪ್ರಶ್ನಾರ್ಥಕ ಪದಗಳಿರುವ ಕನ್ನಡ ವಾಕ್ಯದಲ್ಲಿ ‘ಆ’ಕಾರ ಬರುವುದಿಲ್ಲ, ‘ಎಲ್ಲಿಗೆ ಹೋದಿರಿ’ ಎನ್ನುತ್ತೇವೆಯೇ ಹೊರತು ‘ಎಲ್ಲಿಗೆ ಹೋದಿರಾ’ ಎನ್ನುವುದಿಲ್ಲ. ಅದೇ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಈ ಪ್ರಶ್ನೆಯನ್ನು ಕೇಳುವಾಗ ‘ವೇರ್ ಡಿಡ್ ಯೂ ಗೋ’ ಎನ್ನುವ ಬದಲು ‘ವೇರ್ ಯೂ ವೆಂಟ್’ ಎಂದು ‘ಡಿಡ್’ ಅನ್ನೇ ಕೈಬಿಡುವುದು ಸಾಮಾನ್ಯ. ಒಂದು ಕಡೆ ‘ಡಿಡ್’ ಇದ್ದೂ ‘ವೆಂಟ್’ ಉಳಿಯುತ್ತದೆ, ಇನ್ನೊಂದು ಕಡೆ ‘ಡಿಡ್’ ಮಾಯವಾಗುತ್ತದೆ. ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಾಣುವ ಈ ಎರಡೂ ತಪ್ಪುಗಳಿಗೆ ‘ಡಿಡ್’ ಎಂದರೆ ‘ಆ’ ಎಂಬ ಒಂದೇ ಸಮೀಕರಣ ಮೂಲವಾಗಿದೆ. ಭಾಷೆ ಕಲಿಯುವವರ ತಪ್ಪುಗಳು ಅವರ ಮನಸ್ಸಿನಲ್ಲಿ ರೂಪುಗೊಳ್ಳುತ್ತಿರುವ ನಿಯಮವ್ಯವಸ್ಥೆಯ ಸುಳಿವುಗಳು ಎಂಬ ವಿಚಾರವನ್ನು ಬ್ರಿಟಿಷ್ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಮಂಡಿಸಿದರು. ಕನ್ನಡಿಗರ ಈ ಜೋಡಿ ತಪ್ಪು ಆ ಮಾತಿಗೆ ಒಳ್ಳೆಯ ನಿದರ್ಶನ. ಇಂಗ್ಲಿಷನ್ನೇ ತಾಯಿನುಡಿಯಾಗಿ ಕಲಿಯುವ ಚಿಕ್ಕ ಮಕ್ಕಳೂ ಒಂದು ಹಂತದಲ್ಲಿ ‘ಡಿಡ್’ ಜೊತೆಗೆ ಭೂತಕಾಲದ ರೂಪವನ್ನು ಸೇರಿಸಿ ಮಾತನಾಡುವುದನ್ನು ಮಕ್ಕಳ ಭಾಷಾಕಲಿಕೆಯ ಅಧ್ಯಯನಗಳು ದಾಖಲಿಸಿರುವುದರಿಂದ, ಈ ತಪ್ಪನ್ನು ದಡ್ಡತನದ ಲಕ್ಷಣವೆಂದು ಬಗೆಯುವುದಕ್ಕೆ ಯಾವ ಆಧಾರವೂ ಇಲ್ಲ.

ಹಾಗಾದರೆ ಕನ್ನಡಿಗನಿಗೆ ‘ಡಿಡ್’ ಎಂಬುದನ್ನು ಹೋಲುವ ರಚನೆ ತನ್ನ ಭಾಷೆಯಲ್ಲಿ ಎಲ್ಲಿಯೂ ಸಿಗುವುದಿಲ್ಲವೇ ಎಂದು ಕೇಳಿದರೆ, ಸಿಗುತ್ತದೆ ಎಂಬುದೇ ಉತ್ತರ. ಆದರೆ ಅದನ್ನು ಪ್ರಶ್ನೆಯಲ್ಲಿ ಹುಡುಕದೆ ನಿಷೇಧದಲ್ಲಿ ಹುಡುಕಬೇಕು. ‘ಬಂದನು’ ಎಂಬುದರ ನಿಷೇಧರೂಪ ‘ಬರಲಿಲ್ಲ’. ಇದನ್ನು ಬಿಡಿಸಿದರೆ ‘ಬರಲ್’ ಮತ್ತು ‘ಇಲ್ಲ’ ಎಂಬ ಎರಡು ಭಾಗಗಳು ದೊರೆಯುತ್ತವೆ. ‘ಬರಲು’ ಎಂಬುದು ಕೃದಂತಾವ್ಯಯ, ಅಂದರೆ ಧಾತುವಿನಿಂದ ಹುಟ್ಟಿಯೂ ಪುರುಷ, ಲಿಂಗ, ವಚನಗಳ ಬದಲಾವಣೆಗೆ ಒಳಗಾಗದ ರೂಪ. ಅದರಲ್ಲಿ ಭೂತಕಾಲದ ಪ್ರತ್ಯಯವೂ ಇಲ್ಲ. ‘ಬಂದ’ ಎಂಬಲ್ಲಿ ಕಾಣುವ ಭೂತಕಾಲದ ಮಾರ್ಪಾಡು ‘ಬರಲಿಲ್ಲ’ ಎಂಬಲ್ಲಿ ಅಳಿದು, ‘ಬರು’ ಎಂಬ ಧಾತು ಮತ್ತೆ ಕಾಣಿಸಿಕೊಳ್ಳುತ್ತದೆ. ‘ತಂದ’ ಇದ್ದದ್ದು ‘ತರಲಿಲ್ಲ’ ಆಗುತ್ತದೆ, ‘ಕಂಡ’ ಇದ್ದದ್ದು ‘ಕಾಣಲಿಲ್ಲ’ ಆಗುತ್ತದೆ, ‘ಕೊಟ್ಟ’ ಇದ್ದದ್ದು ‘ಕೊಡಲಿಲ್ಲ’ ಆಗುತ್ತದೆ, ‘ಹೋದ’ ಇದ್ದದ್ದು ‘ಹೋಗಲಿಲ್ಲ’ ಆಗುತ್ತದೆ. ಇವು ಇಂಗ್ಲಿಷಿನ ‘ಡಿಡ್ ನಾಟ್ ಕಮ್’, ‘ಡಿಡ್ ನಾಟ್ ಬ್ರಿಂಗ್’, ‘ಡಿಡ್ ನಾಟ್ ಸೀ’, ‘ಡಿಡ್ ನಾಟ್ ಗಿವ್’, ‘ಡಿಡ್ ನಾಟ್ ಗೋ’ ಎಂಬ ರೂಪಗಳಿಗೆ ಸಾಲಾಗಿ ಹೊಂದಿಕೊಳ್ಳುತ್ತವೆ. ಕನ್ನಡದ ಹಸುಗೂಸು ಕೂಡ ‘ಅಪ್ಪ ಬಂದಲಿಲ್ಲ’ ಎನ್ನುವುದಿಲ್ಲ; ‘ಡಿಡ್ ನಾಟ್ ಕೇಮ್’ ಎನ್ನುವುದು ‘ಬಂದಲಿಲ್ಲ’ ಎಂದಷ್ಟೇ ಕಿವಿಗೆ ಒರಟಾದದ್ದು ಎಂದು ತೋರಿಸಿಕೊಟ್ಟರೆ, ನಿಯಮವನ್ನು ಹೊಸದಾಗಿ ಕಲಿಸುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಈ ಹೊಂದಾಣಿಕೆ ಎಲ್ಲ ವಿವರಗಳಲ್ಲಿಯೂ ಪೂರ್ಣವಾದುದಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷಿನ ‘ಡಿಡ್’ ತಾನೇ ಭೂತಕಾಲದ ರೂಪ. ಕನ್ನಡದ ‘ಇಲ್ಲ’ ಎಂಬುದರಲ್ಲಿ ಕಾಲದ ಸೂಚನೆಯಿಲ್ಲ, ‘ಬರಲಿಲ್ಲ’ ಮತ್ತು ‘ಬರುವುದಿಲ್ಲ’ ಎಂಬ ರೂಪಗಳ ನಡುವಣ ವ್ಯತ್ಯಾಸದಿಂದ ಕಾಲ ತಿಳಿಯುತ್ತದೆ. ಹಳಗನ್ನಡದಲ್ಲಂತೂ ‘ಬಾರೆಂ’, ‘ಬಾರಂ’ ಎಂಬ ಬಗೆಯ ನಿಷೇಧರೂಪಗಳು ಕಾಲಭೇದವಿಲ್ಲದೆ ಬಳಕೆಯಲ್ಲಿದ್ದವು. ಆದರೂ ಕಲಿಕೆಗೆ ಬೇಕಾದ ಮುಖ್ಯಾಂಶ, ಎಂದರೆ ನೆರವಿನ ಪದವೊಂದು ಬಂದೊಡನೆ ಮುಖ್ಯ ಕ್ರಿಯಾಪದ ಭೂತಕಾಲದ ಗುರುತನ್ನು ಕಳಚಿಡುತ್ತದೆ ಎಂಬ ಅಂಶ, ಎರಡೂ ಭಾಷೆಗಳಲ್ಲಿ ಸಮಾನವಾಗಿದೆ. ಇಲ್ಲಿಂದ ಪ್ರಶ್ನೆಗೆ ಹೋಗುವ ದಾರಿ ಚಿಕ್ಕದು. ‘ಬರಲಿಲ್ಲ’ ಎಂಬುದಕ್ಕೆ ‘ಏ’ ಸೇರಿಸಿದರೆ ‘ಬರಲಿಲ್ಲವೇ’ ಎಂಬ ನಿಷೇಧಪ್ರಶ್ನೆ ಸಿಗುತ್ತದೆ. ಅದರ ಇಂಗ್ಲಿಷ್ ರೂಪ ‘ಡಿಡ್ ಹೀ ನಾಟ್ ಕಮ್’. ಈ ವಾಕ್ಯದಿಂದ ‘ನಾಟ್’ ಎಂಬ ನಿಷೇಧಪದವನ್ನು ಮಾತ್ರ ತೆಗೆದರೆ ‘ಡಿಡ್ ಹೀ ಕಮ್’ ಎಂಬ ಸರಿಯಾದ ಪ್ರಶ್ನೆ ತಾನಾಗಿ ಉಳಿಯುತ್ತದೆ.

ನಿಷೇಧದಿಂದ ಪ್ರಶ್ನೆಗೆ ಹೋಗುವ ಈ ದಾರಿಗೆ ಇಂಗ್ಲಿಷ್ ಭಾಷೆಯ ಚರಿತ್ರೆಯೂ ಬೆಂಬಲ ನೀಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಪ್ರಶ್ನೆಗೆ ‘ಡಿಡ್’ ಬೇಕಾಗಿರಲಿಲ್ಲ. ಕ್ರಿಯಾಪದವನ್ನೇ ಕರ್ತೃವಿನ ಮುಂದೆ ತಂದು ‘ಕೇಮ್ ಹೀ’ ಎಂಬಂತೆ ಕೇಳುತ್ತಿದ್ದರು. ಇಂಗ್ಲಿಷಿನ ಬಂಧುಭಾಷೆಯಾದ ಜರ್ಮನ್ ಇಂದಿಗೂ ಹಾಗೆಯೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಸುಮಾರು 15ನೆಯ ಶತಮಾನದಿಂದ 17ನೆಯ ಶತಮಾನದವರೆಗಿನ ಅವಧಿಯಲ್ಲಿ ‘ಡೂ’ ಎಂಬ ಸಹಾಯಕ ಮೆಲ್ಲಮೆಲ್ಲನೆ ಹರಡಿತು, ಶೇಕ್ಸ್‌ಪಿಯರನ ಕಾಲದಲ್ಲಿ ಹಳೆಯ ಮತ್ತು ಹೊಸ ರೂಪಗಳೆರಡೂ ಅಕ್ಕಪಕ್ಕದಲ್ಲಿ ಬಳಕೆಯಲ್ಲಿದ್ದವು. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹರಡುವಿಕೆಯನ್ನು ಅಳೆದು ನೋಡಿದಾಗ, ಹೊಸ ರೂಪ ಎಲ್ಲಕ್ಕಿಂತ ಬೇಗನೆ ನೆಲೆಗೊಂಡದ್ದು ನಿಷೇಧಪ್ರಶ್ನೆಗಳಲ್ಲಿ ಎಂಬುದು ಕಂಡುಬಂತು. ಕನ್ನಡದ ವಿದ್ಯಾರ್ಥಿ ‘ಬರಲಿಲ್ಲವೇ’ ಎಂಬಲ್ಲಿಂದ ಹೊರಟರೆ ಇಂಗ್ಲಿಷ್ ಭಾಷೆ ತಾನೇ ನಡೆದುಬಂದ ಹಾದಿಯನ್ನು ಹಿಡಿದಂತಾಗುತ್ತದೆ.

ಹಳೆಯ ಪದ್ಧತಿಯು ಇಂಗ್ಲಿಷಿನಿಂದ ಪೂರ್ತಿಯಾಗಿ ಮರೆಯಾಗಿಲ್ಲ. ‘ಇರು’ ಎಂಬ ಅರ್ಥದ ಕ್ರಿಯಾಪದದಲ್ಲಿ ಅದು ಇಂದಿಗೂ ಜೀವಂತವಾಗಿದೆ. ‘ಜಲಪಾತ ಚೆನ್ನಾಗಿತ್ತೇ’ ಎಂದು ಕೇಳಲು ‘ವಾಸ್ ದ ವಾಟರ್‌ಫಾಲ್ ಗುಡ್’ ಎಂದೂ, ‘ನೀವು ನಿನ್ನೆ ಇಲ್ಲಿದ್ದಿರಾ’ ಎಂದು ಕೇಳಲು ‘ವರ್ ಯೂ ಹಿಯರ್ ಯೆಸ್ಟರ್‌ಡೇ’ ಎಂದೂ ಕ್ರಿಯಾಪದವನ್ನೇ ಮುಂದೆ ತರಲಾಗುತ್ತದೆ. ಈ ಕ್ರಿಯಾಪದ ಸಹಾಯಕವಾಗಿಯೂ ಕೆಲಸ ಮಾಡಬಲ್ಲದಾದ್ದರಿಂದ ಅದಕ್ಕೆ ಇನ್ನೊಂದು ಸಹಾಯಕದ ನೆರವು ಬೇಕಾಗುವುದಿಲ್ಲ. ‘ಡಿಡ್’ ನಿಯಮವನ್ನು ಆಗಷ್ಟೇ ಕಲಿತ ವಿದ್ಯಾರ್ಥಿ ಅದನ್ನು ಎಲ್ಲೆಡೆಗೂ ಹಬ್ಬಿಸಿ ‘ಡಿಡ್ ಯೂ ವರ್ ಹಿಯರ್’ ಎನ್ನುವ ಅಪಾಯವಿರುವುದರಿಂದ, ಕ್ರಿಯೆ ನಡೆದದ್ದನ್ನು ಕೇಳುವ ಪ್ರಶ್ನೆ ಬೇರೆ, ಸ್ಥಿತಿ ಇದ್ದದ್ದನ್ನು ಕೇಳುವ ಪ್ರಶ್ನೆ ಬೇರೆ ಎಂಬ ಭೇದವನ್ನು ಮೊದಲೇ ಮನಗಾಣಿಸುವುದು ಒಳ್ಳೆಯದು.

‘ಹ್ಯಾವ್’ ಎಂಬ ಕ್ರಿಯಾಪದ ಇನ್ನಷ್ಟು ತೊಡಕನ್ನು ಒಡ್ಡುತ್ತದೆ. ‘ಊಟ ಆಯ್ತಾ’ ಎಂಬ ಪ್ರಶ್ನೆಯನ್ನು ಇಂಗ್ಲಿಷಿಗೆ ತರುವಾಗ ‘ಡಿಡ್ ಯೂ ಹ್ಯಾಡ್ ಲಂಚ್’ ಎನ್ನುವುದು ಕಚೇರಿ, ಹೋಟೆಲು, ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ರೂಪ. ಇಲ್ಲಿ ‘ಹ್ಯಾವ್’ ಎಂಬುದು ‘ಉಣ್ಣು’ ಎಂಬ ಅರ್ಥದ ಮುಖ್ಯ ಕ್ರಿಯಾಪದವಾದ್ದರಿಂದ ‘ಡಿಡ್’ ಬಂದೊಡನೆ ಅದು ಮೂಲರೂಪಕ್ಕೆ ಮರಳಿ ‘ಡಿಡ್ ಯೂ ಹ್ಯಾವ್ ಲಂಚ್’ ಎಂದಾಗಬೇಕು. ಆದರೆ ಅದೇ ‘ಹ್ಯಾವ್’ ಸಹಾಯಕವಾಗಿ ಬಂದ ‘ಹ್ಯಾವ್ ಯೂ ಹ್ಯಾಡ್ ಲಂಚ್’ ಎಂಬ ಇನ್ನೊಂದು ಸರಿಯಾದ ವಾಕ್ಯವಿದ್ದು, ಅದರಲ್ಲಿ ‘ಹ್ಯಾಡ್’ ಎಂಬುದು ಮೂರನೆಯ ರೂಪವಾಗಿ ನ್ಯಾಯವಾಗಿಯೇ ಬರುತ್ತದೆ. ಕಲಿಯುವವನ ಕಿವಿಯಲ್ಲಿ ಈ ಎರಡು ವಾಕ್ಯಗಳು ಬೆರೆತು, ಒಂದರ ತಲೆಗೆ ಇನ್ನೊಂದರ ಬಾಲ ಸೇರಿಕೊಳ್ಳುವುದರಿಂದ ತಪ್ಪು ರೂಪ ಹುಟ್ಟುತ್ತದೆ. ಎರಡನ್ನೂ ಬೇರೆ ಬೇರೆ ದಿನ ಕಲಿಸಿ, ಅನಂತರ ಜೊತೆಗಿಟ್ಟು ಹೋಲಿಸಿದರೆ ಈ ಬೆರಕೆ ಕಡಿಮೆಯಾಗುತ್ತದೆ.

‘ಡಿಡ್’ ಬೇಕಿಲ್ಲದ ಇನ್ನೊಂದು ಮುಖ್ಯ ಸಂದರ್ಭವೂ ಇದೆ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಶ್ರೇಣಿಯಲ್ಲಿ ಬಿತ್ತಿದರೆಂಬ ಪ್ರತೀತಿ ಚಿಕ್ಕಮಗಳೂರು ಸೀಮೆಯ ಮಕ್ಕಳೆಲ್ಲರಿಗೂ ಪರಿಚಿತ. ಇದನ್ನು ಕುರಿತು ‘ಬಾಬಾ ಬುಡನ್ ಏನನ್ನು ತಂದರು’ ಎಂದು ಕೇಳಬೇಕಾದರೆ ‘ವಾಟ್ ಡಿಡ್ ಬಾಬಾ ಬುಡನ್ ಬ್ರಿಂಗ್’ ಎನ್ನಬೇಕು. ‘ಬೀಜವನ್ನು ಯಾರು ತಂದರು’ ಎಂದು ಕೇಳಬೇಕಾದರೆ ‘ಹೂ ಬ್ರಾಟ್ ದ ಸೀಡ್ಸ್’ ಎನ್ನಬೇಕು. ಮೊದಲ ಪ್ರಶ್ನೆಯಲ್ಲಿ ತಿಳಿಯಬೇಕಾದದ್ದು ಕರ್ಮಪದ, ಅಂದರೆ ಕ್ರಿಯೆಯ ಫಲಕ್ಕೆ ಒಳಗಾದ ವಸ್ತು. ಎರಡನೆಯದರಲ್ಲಿ ತಿಳಿಯಬೇಕಾದದ್ದು ಕರ್ತೃಪದ, ಅಂದರೆ ಕ್ರಿಯೆಯನ್ನು ಮಾಡಿದವರು. ಪ್ರಶ್ನಾರ್ಥಕ ಪದವೇ ಕರ್ತೃವಿನ ಜಾಗದಲ್ಲಿ ಕುಳಿತಾಗ ವಾಕ್ಯದ ಅನುಕ್ರಮ ಹೇಳಿಕೆಯಲ್ಲಿದ್ದಂತೆಯೇ ಇರುವುದರಿಂದ ‘ಡಿಡ್’ ಬರಬೇಕಾದ ಪ್ರಮೇಯವಿಲ್ಲ, ಭೂತಕಾಲದ ಗುರುತು ಮುಖ್ಯ ಕ್ರಿಯಾಪದದ ಮೇಲೆಯೇ ಉಳಿಯುತ್ತದೆ. ಕನ್ನಡದ ‘ಯಾರು’ ಮತ್ತು ‘ಯಾರನ್ನು’ ಎಂಬ ವಿಭಕ್ತಿಭೇದ ಇಲ್ಲಿ ನೆರವಿಗೆ ಬರುತ್ತದೆ: ‘ಯಾರು ನೋಡಿದರು’ ಎಂಬ ಅರ್ಥವಿದ್ದರೆ ‘ಹೂ ಸಾ’, ‘ಯಾರನ್ನು ನೋಡಿದಿರಿ’ ಎಂಬ ಅರ್ಥವಿದ್ದರೆ ‘ಹೂ ಡಿಡ್ ಯೂ ಸೀ’.

ಪ್ರಶ್ನೆಯೊಂದು ಇನ್ನೊಂದು ವಾಕ್ಯದೊಳಗೆ ಅಡಕವಾದಾಗಲೂ ಇದೇ ರೀತಿ ‘ಡಿಡ್’ ಹಿಂದೆ ಸರಿಯುತ್ತದೆ. ‘ರೈಲು ಬೀರೂರನ್ನು ಯಾವಾಗ ಬಿಟ್ಟಿತು’ ಎಂಬ ನೇರ ಪ್ರಶ್ನೆ ‘ವೆನ್ ಡಿಡ್ ದ ಟ್ರೇನ್ ಲೀವ್ ಬೀರೂರು’ ಎಂದಾದರೆ, ‘ರೈಲು ಬೀರೂರನ್ನು ಯಾವಾಗ ಬಿಟ್ಟಿತೆಂದು ನಿಮಗೆ ಗೊತ್ತೇ’ ಎಂಬುದು ‘ಡು ಯೂ ನೋ ವೆನ್ ದ ಟ್ರೇನ್ ಲೆಫ್ಟ್ ಬೀರೂರು’ ಎಂದಾಗುತ್ತದೆ. ನೇರ ಪ್ರಶ್ನೆಯಲ್ಲಿ ಮಾತ್ರ ‘ಡಿಡ್’, ಒಳಗೆ ಅಡಗಿದ ಪ್ರಶ್ನೆಯಲ್ಲಿ ಭೂತಕಾಲದ ರೂಪ ಎಂದು ನೆನಪಿಟ್ಟುಕೊಂಡರೆ ಸಾಕಾಗುತ್ತದೆ.

ಕನ್ನಡಿಗರ ಇಂಗ್ಲಿಷಿನಲ್ಲಿ ಎದ್ದುಕಾಣುವ ಮತ್ತೊಂದು ಲಕ್ಷಣಕ್ಕೂ ಕನ್ನಡದ ಕ್ರಿಯಾರೂಪವೇ ಮೂಲ. ‘ಹೋದ ವಾರ ಕೆಮ್ಮಣ್ಣುಗುಂಡಿಗೆ ಹೋಗಿದ್ದಿರಾ’ ಎಂಬುದು ಸಹಜವಾದ ಕನ್ನಡ. ಹೋಗಿ ಹಿಂದಿರುಗಿ ಬಂದ ಭಾವ ‘ಹೋದಿರಾ’ ಎಂಬುದಕ್ಕಿಂತ ‘ಹೋಗಿದ್ದಿರಾ’ ಎಂಬ ಸಂಯುಕ್ತ ರೂಪದಲ್ಲಿ ಚೆನ್ನಾಗಿ ವ್ಯಕ್ತವಾಗುತ್ತದೆ. ಈ ‘ಇದ್ದ’ ಎಂಬ ಭಾಗವನ್ನು ಇಂಗ್ಲಿಷಿಗೆ ತಂದು ‘ಹ್ಯಾಡ್ ಯೂ ಗಾನ್ ಟು ಕೆಮ್ಮಣ್ಣುಗುಂಡಿ ಲಾಸ್ಟ್ ವೀಕ್’ ಎಂದು ಕೇಳುವವರು ಬಹಳ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಸೇರಿದ ಈ ರೂಪಕ್ಕೆ ಭೂತಕಾಲದ ಇನ್ನೊಂದು ಘಟನೆಯ ಆಸರೆ ಬೇಕು. ಆ ಘಟನೆಗಿಂತ ಮೊದಲೇ ನಡೆದದ್ದನ್ನು ಹೇಳುವುದೇ ಅದರ ಕೆಲಸ. ಬರಿಯ ಕಳೆದ ವಾರದ ಪ್ರಯಾಣವನ್ನು ಕೇಳುವಾಗ ‘ಡಿಡ್ ಯೂ ಗೋ’ ಎಂಬುದೇ ಸರಿ. ಇದಕ್ಕೆ ಪ್ರತಿಯಾಗಿ, ಕಾಲವನ್ನು ನಿರ್ದಿಷ್ಟಗೊಳಿಸದೆ ‘ಎಂದಾದರೂ ಹೋಗಿದ್ದೀರಾ’ ಎಂದು ಕೇಳುವಾಗ ‘ಹ್ಯಾವ್ ಯೂ ಎವರ್ ಬೀನ್ ಟು ಕೆಮ್ಮಣ್ಣುಗುಂಡಿ’ ಎನ್ನುವುದು ವಾಡಿಕೆ. ‘ನಿನ್ನೆ’, ‘ಹೋದ ವಾರ’, ‘2015ರಲ್ಲಿ’ ಎಂಬಂತಹ ನಿರ್ದಿಷ್ಟ ಕಾಲಸೂಚನೆ ಇದ್ದೊಡನೆ ‘ಡಿಡ್’ ಅನ್ನು ಕರೆತರಬೇಕೆಂಬುದು ಇಲ್ಲಿ ದಾರಿತೋರುವ ಸೂತ್ರ.

ಪ್ರಶ್ನೆಯಷ್ಟೇ ಅದರ ಉತ್ತರವೂ ಗಮನಕ್ಕೆ ಅರ್ಹವಾದುದು. ‘ನೀವು ಹೆಬ್ಬೆ ಜಲಪಾತಕ್ಕೆ ಹೋಗಲಿಲ್ಲವೇ’ ಎಂದು ಕೇಳಿದರೆ, ಹೋಗದೆ ಇದ್ದ ಕನ್ನಡಿಗ ‘ಹೌದು, ಹೋಗಲಿಲ್ಲ’ ಎನ್ನುವುದು ಸಹಜ. ಅವನ ‘ಹೌದು’ ಕೇಳಿದವನ ಊಹೆಯನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’ ಮತ್ತು ‘ನೋ’ ಊಹೆಯನ್ನು ಒಪ್ಪುವ ಅಥವಾ ಅಲ್ಲಗಳೆಯುವ ಗೋಜಿಗೆ ಹೋಗದೆ, ತಮ್ಮ ಹಿಂದೆ ಬರುವ ವಾಕ್ಯಕ್ಕೆ ಹೊಂದಿಕೊಳ್ಳುತ್ತವೆ. ಹೋಗಿರದಿದ್ದರೆ ‘ನೋ, ಐ ಡಿಡಂಟ್’, ಹೋಗಿದ್ದರೆ ‘ಯೆಸ್, ಐ ಡಿಡ್’ ಎನ್ನಬೇಕು. ‘ಯೆಸ್, ಐ ಡಿಡಂಟ್’ ಎಂಬ ಉತ್ತರವನ್ನು ಕೇಳಿದ ವಿದೇಶಿ ಪ್ರವಾಸಿಗ ಗೊಂದಲಕ್ಕೆ ಬೀಳುತ್ತಾನೆ. ಇಲ್ಲಿ ಅಡ್ಡಿಯಾಗುವುದು ವ್ಯಾಕರಣದ ಶುದ್ಧಿಗಲ್ಲ, ವಿಷಯವೇ ಕೈತಪ್ಪಿಹೋಗುತ್ತದೆ. ಅದೇ ರೀತಿ ಹೇಳಿಕೆಯ ಕೊನೆಗೆ ಬರುವ ಕನ್ನಡದ ‘ಅಲ್ವಾ’ ಎಂಬುದು ಎಲ್ಲ ಕಾಲಗಳಿಗೂ ಒಂದೇ ಆಗಿರುವುದರಿಂದ ಇಂಗ್ಲಿಷಿನಲ್ಲಿಯೂ ಎಲ್ಲ ಕಡೆ ‘ಇಸಂಟ್ ಇಟ್’ ಎಂದು ಸೇರಿಸುವ ರೂಢಿ ಬೆಳೆದಿದೆ. ಭೂತಕಾಲದ ಹೇಳಿಕೆಗೆ ಅಲ್ಲಿಯೂ ‘ಡಿಡ್’ ಬೇಕಾಗಿ ‘ಯೂ ವೆಂಟ್ ದೇರ್, ಡಿಡಂಟ್ ಯೂ’ ಎಂದಾಗುತ್ತದೆ.

ಬಾನುಲಿಯ ಮೂಲಕ ಇಂಗ್ಲಿಷ್ ಕಲಿಯುವವರು ಕಿವಿಯಿಂದ ಕಲಿಯುವವರಾದ್ದರಿಂದ ಉಚ್ಚಾರಣೆಯ ಒಂದೆರಡು ವಿವರಗಳನ್ನು ಇಲ್ಲಿ ಹೇಳುವುದು ಉಚಿತ. ವೇಗದ ಮಾತಿನಲ್ಲಿ ‘ಡಿಡ್ ಯೂ’ ಎಂಬ ಎರಡು ಪದಗಳು ಬೆಸೆದು ‘ಡಿಜೂ’ ಎಂಬ ಒಂದೇ ಪದದಂತೆ ಕೇಳಿಸುತ್ತವೆ; ‘ಡಿಡ್’ ಇರುವುದೇ ಕೇಳುಗನ ಗಮನಕ್ಕೆ ಬಾರದಿದ್ದರೆ ಅದು ಬಿಟ್ಟುಹೋಗುವುದು ಸ್ವಾಭಾವಿಕ. ‘ಪುಟ್’, ‘ಕಟ್’, ‘ಹಿಟ್’ ಎಂಬ ಕ್ರಿಯಾಪದಗಳಿಗೆ ಮೂರೂ ರೂಪಗಳು ಒಂದೇ ಆಗಿರುವುದರಿಂದ ಅವುಗಳಿಂದ ಅಭ್ಯಾಸ ಆರಂಭಿಸಿದರೆ ನಿಯಮ ಕಾಣಿಸುವುದಿಲ್ಲ. ‘ಓದು’ ಎಂಬ ಅರ್ಥದ ಕ್ರಿಯಾಪದದ ಮೂಲರೂಪವೂ ಭೂತಕಾಲದ ರೂಪವೂ ಬರವಣಿಗೆಯಲ್ಲಿ ಒಂದೇ ಆಗಿದ್ದು ಉಚ್ಚಾರದಲ್ಲಿ ಮಾತ್ರ ‘ರೀಡ್’, ‘ರೆಡ್’ ಎಂದು ಬೇರೆಯಾಗುತ್ತವೆ. ‘ಡಿಡ್ ಯೂ’ ಎಂಬುದರ ನಂತರ ‘ರೀಡ್’ ಎಂದೇ ಓದಬೇಕೆಂಬುದನ್ನು ಪುಸ್ತಕ ತೋರಿಸಲಾರದು, ಧ್ವನಿ ತೋರಿಸಬಲ್ಲದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’ಯ ಕಾಲದಿಂದಲೂ ಕನ್ನಡನಾಡಿನಲ್ಲಿ ಬಾನುಲಿ ಶಿಕ್ಷಣದ ಸಾಧನವಾಗಿ ಬೆಳೆದುಬಂದಿದೆ, ತರೀಕೆರೆಯ ಸೀಮೆಗೆ ಸಮೀಪದ ಭದ್ರಾವತಿಯಲ್ಲಿಯೂ ಆಕಾಶವಾಣಿಯ ನಿಲಯವಿದೆ.

ಕಲಿಸುವ ವಿಧಾನದ ವಿಚಾರದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವದ ಬಲವಿದೆ. ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಆ ಕಾಲದಲ್ಲಿ ರೂಢಿಯಲ್ಲಿದ್ದ ರಚನಾತ್ಮಕ ವಿಧಾನದಲ್ಲಿ ವಾಕ್ಯದ ಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಎಂಬ ಕ್ರಮದಲ್ಲಿ ಜೋಡಿಸಿ, ಒಂದೊಂದನ್ನೂ ಪುನರಾವರ್ತನೆಯಿಂದ ರೂಢಿ ಮಾಡಿಸಲಾಗುತ್ತಿತ್ತು. ಇದಕ್ಕೆ ಪರ್ಯಾಯವಾಗಿ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಜಗತ್ತಿನ ಭಾಷಾಶಿಕ್ಷಣದ ಚರ್ಚೆಗಳಲ್ಲಿ ಪ್ರಸಿದ್ಧವಾಯಿತು. ಮನಸ್ಸು ಅರ್ಥದ ಕಡೆ ತೊಡಗಿರುವಾಗಲೇ ಭಾಷೆಯ ರೂಪ ಚೆನ್ನಾಗಿ ಒಳಗಿಳಿಯುತ್ತದೆ ಎಂಬುದು ಅದರ ತಳಹದಿ. ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಆಧರಿಸಿದ ಕೆಲಸಗಳನ್ನು ಮಕ್ಕಳಿಗೆ ಕೊಟ್ಟು, ಅವುಗಳನ್ನು ಬಿಡಿಸುವ ಪ್ರಯತ್ನದಲ್ಲಿ ಇಂಗ್ಲಿಷ್ ಬಳಕೆಯಾಗುವಂತೆ ಮಾಡಲಾಯಿತು. 1987ರಲ್ಲಿ ಪ್ರಕಟವಾದ ಪ್ರಭು ಅವರ ಗ್ರಂಥ ಈ ಅನುಭವವನ್ನು ವಿವರಿಸುತ್ತದೆ. ಆ ಯೋಜನೆಯಲ್ಲಿ ಬಳಸಿದ ಒಂದು ಬಗೆಯ ಕೆಲಸವನ್ನು ‘ಮಾಹಿತಿಯ ಅಂತರ’ ಎನ್ನಬಹುದು; ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿದ್ದಾಗ, ಆ ಅಂತರವನ್ನು ತುಂಬಲು ಮಾತು ಅನಿವಾರ್ಯವಾಗುತ್ತದೆ.

ಭೂತಕಾಲದ ಪ್ರಶ್ನೆಗೆ ಇದಕ್ಕಿಂತ ತಕ್ಕ ಅಭ್ಯಾಸವಿಲ್ಲ, ಅದಕ್ಕೆ ಬೇಕಾದ ಸಾಮಗ್ರಿ ಪ್ರತಿಯೊಂದು ಊರಿನ ಚರಿತ್ರೆಯಲ್ಲಿಯೂ ಇದೆ. ಕೆಮ್ಮಣ್ಣುಗುಂಡಿಯ ಸುತ್ತಲಿನ ಶಾಲೆಯೊಂದರಲ್ಲಿ ಅರ್ಧ ತರಗತಿಗೆ ಒಂದು ಚೀಟಿಯನ್ನು ಕೊಡಬಹುದು: ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಕಬ್ಬಿಣದ ಅದಿರು ದೊರೆಯುತ್ತಿತ್ತು, ಅದಿರು ರೋಪ್‌ವೇ ಮೂಲಕ ಬೆಟ್ಟದಿಂದ ಇಳಿದು ಭದ್ರಾವತಿಗೆ ಹೋಗುತ್ತಿತ್ತು, ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಹೊಣೆ ಹೊತ್ತರು, ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿತ್ತು ಎಂಬ ಸಂಗತಿಗಳು ಆ ಚೀಟಿಯಲ್ಲಿರಲಿ. ಉಳಿದ ಅರ್ಧ ತರಗತಿ ಚೀಟಿಯನ್ನು ನೋಡದೆ ಪ್ರಶ್ನೆಗಳಿಂದಲೇ ಈ ಚರಿತ್ರೆಯನ್ನು ಹೊರತೆಗೆಯಬೇಕು. ‘ವೇರ್ ಡಿಡ್ ದ ಓರ್ ಗೋ’ ಎಂಬ ಪ್ರಶ್ನೆಗೆ ‘ಇಟ್ ವೆಂಟ್ ಟು ಭದ್ರಾವತಿ’ ಎಂಬ ಉತ್ತರ ಬರುತ್ತದೆ. ‘ವೆನ್ ಡಿಡ್ ದ ವರ್ಕ್ಸ್ ಬಿಗಿನ್ ಪ್ರೊಡಕ್ಷನ್’ ಎಂಬುದಕ್ಕೆ ‘ಇಟ್ ಬಿಗ್ಯಾನ್ ಇನ್ 1923’ ಎಂಬ ಉತ್ತರ ಬರುತ್ತದೆ. ‘ಹೂ ಕೇಮ್ ಹಿಯರ್ ಇನ್ ಸಮ್ಮರ್’ ಎಂಬಲ್ಲಿ ‘ಡಿಡ್’ ಇಲ್ಲದ ಕರ್ತೃಪ್ರಶ್ನೆ ಕಾಣಿಸಿಕೊಳ್ಳುತ್ತದೆ. ಪ್ರಶ್ನೆಯಲ್ಲಿ ‘ಗೋ’, ಉತ್ತರದಲ್ಲಿ ‘ವೆಂಟ್’ ಎಂದು ಒಂದೇ ಕ್ರಿಯಾಪದದ ಎರಡು ರೂಪಗಳು ಎರಡು ಬಾಯಿಗಳಿಂದ ಬೆನ್ನುಬೆನ್ನಿಗೆ ಹೊರಡುವುದರಿಂದ, ಮೂರು ಮನೆಯ ಪಟ್ಟಿ ಕಲಿಸಲಾರದ್ದನ್ನು ಈ ಜೋಡಿ ಕಲಿಸುತ್ತದೆ. ಅಜ್ಜಂಪುರದ ಮಕ್ಕಳಿಗೆ ಅಮೃತಮಹಲ್ ಗೋತಳಿಯ ಕಥೆಯೂ, ಕಡೂರು–ಬೀರೂರಿನ ಮಕ್ಕಳಿಗೆ ರೈಲುಹಾದಿಯ ಕಥೆಯೂ ಇದೇ ಉದ್ದೇಶಕ್ಕೆ ಒದಗಬಲ್ಲವು.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದಕ್ಕೆ ಮೊದಲು ಅದು ಐದನೆಯ ತರಗತಿಯಲ್ಲಿ ಆರಂಭವಾಗುತ್ತಿತ್ತು. ಕಲಿಕೆಯ ವರ್ಷಗಳು ಹೆಚ್ಚಿದರೂ ತಪ್ಪು ತಾನಾಗಿ ಕರಗುವುದಿಲ್ಲ, ಏಕೆಂದರೆ ‘ಡಿಡ್’ ಎಂದರೆ ‘ಆ’ ಎಂಬ ಸಮೀಕರಣವನ್ನು ಯಾರೂ ಬಾಯಿಬಿಟ್ಟು ಕಲಿಸಿರುವುದಿಲ್ಲ, ಹಾಗಾಗಿ ಬಾಯಿಬಿಟ್ಟು ಅಲ್ಲಗಳೆಯುವವರೂ ಇರುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೇಳಿಸಬಾರದು ಎಂಬ ಕಟ್ಟುನಿಟ್ಟು ಇರುವ ಕಡೆ ಈ ತಪ್ಪನ್ನು ತಿದ್ದುವುದು ಇನ್ನೂ ಕಠಿಣ. ಕನ್ನಡವನ್ನು ಹೊರಗಿಟ್ಟರೂ ಕನ್ನಡದ ಲೆಕ್ಕಾಚಾರ ಮಗುವಿನ ಮನಸ್ಸಿನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಅದನ್ನು ಪರೀಕ್ಷಿಸಿ ತಿದ್ದುವ ಅವಕಾಶ ಮಾತ್ರ ಶಿಕ್ಷಕರ ಕೈತಪ್ಪುತ್ತದೆ.

ಈ ತಿದ್ದುಪಡಿಗೆ ಬೇಕಾದ ಏರ್ಪಾಡು ದುಬಾರಿಯದಲ್ಲ. ಕನ್ನಡದ ಶಿಕ್ಷಕರು ನಿಷೇಧರೂಪಗಳ ಪಾಠ ಮಾಡುವ ವಾರದಲ್ಲಿಯೇ ಇಂಗ್ಲಿಷಿನ ಶಿಕ್ಷಕರು ‘ಡಿಡ್ ನಾಟ್’ ರಚನೆಯನ್ನು ಕೈಗೆತ್ತಿಕೊಂಡು, ‘ಬಂದ–ಬರಲಿಲ್ಲ’, ‘ಕೇಮ್–ಡಿಡ್ ನಾಟ್ ಕಮ್’ ಎಂದು ಒಂದೇ ಕರಿಹಲಗೆಯ ಮೇಲೆ ಬರೆದು ತೋರಿಸಿ, ಅಲ್ಲಿಂದ ‘ಬರಲಿಲ್ಲವೇ’ ಎಂಬುದರ ಮೂಲಕ ಪ್ರಶ್ನೆಗೆ ಹೋದರೆ, ಎರಡೂ ಭಾಷೆಗಳ ವ್ಯಾಕರಣ ಒಂದಕ್ಕೊಂದು ಬೆಳಕು ಕೊಡುತ್ತದೆ. ಅನಂತರ ಊರಿನ ಚರಿತ್ರೆಯನ್ನು ಕುರಿತ ಪ್ರಶ್ನೋತ್ತರದಲ್ಲಿ ಆ ರೂಪ ನಾಲಿಗೆಗೆ ಒಗ್ಗಬೇಕು. ಹಾಗೆ ಕಲಿತ ವಿದ್ಯಾರ್ಥಿಗೆ ‘ಡಿಡ್ ಯೂ ವೆಂಟ್’ ಎಂಬುದು ನಿಯಮಕ್ಕೆ ವಿರುದ್ಧವಾದದ್ದೆಂದು ಬೇರೊಬ್ಬರು ಹೇಳಬೇಕಾಗುವುದಿಲ್ಲ. ‘ಬಂದಲಿಲ್ಲ’ ಎಂಬುದನ್ನು ತಿರಸ್ಕರಿಸುವ ಅವನದೇ ಕಿವಿ ಅದನ್ನೂ ತಿರಸ್ಕರಿಸುತ್ತದೆ.